ಟ್ಯೂಬ್ ಫೀಡ್: ಚಾರ್ಟ್‌ನಲ್ಲಿ ಎಷ್ಟು, ಹೊಟ್ಟೆಗೆ ಎಷ್ಟು?

ವೆಂಟಿಲೇಟರ್ ಮೇಲೆ ವಾರಗಟ್ಟಲೆ ಇರುವ ರೋಗಿಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬ್ ಮೂಲಕ ಪಂಪ್ ಇಟ್ಟು ದ್ರವ ಆಹಾರ, ಅಂದರೆ ಫೀಡ್, ಕೊಡುತ್ತೇವೆ. ಗಂಟೆಗೆ 60 ಮಿ.ಲೀ. ಅಂತ ಆರ್ಡರ್ ಇರುತ್ತದೆ. ದಿನಕ್ಕೆ 1440 ಮಿ.ಲೀ. ಆಯಿತು. ಮಾರನೇ ದಿನ ಬೆಳಿಗ್ಗೆ ಪಂಪ್‌ನಲ್ಲಿ ಒಟ್ಟು ಎಷ್ಟು ಅಂತ ನೋಡಿದರೆ ಎಷ್ಟೋ ಸಲ ಸಾವಿರವೂ ಮುಟ್ಟಿರುವುದಿಲ್ಲ. ಐಸಿಯು ನರ್ಸ್ ಆಗಿ, ಡ್ಯೂಟಿಗೆ ಬಂದ ಕೂಡಲೇ ನಾನು ನೋಡುವುದು ಆ ಎರಡನೇ ಲೆಕ್ಕವನ್ನು. ಆರ್ಡರ್ ಎಷ್ಟಿದ್ದರೇನು, ಹೊಟ್ಟೆಗೆ ಹೋಗಿದ್ದಷ್ಟೇ ಊಟ ಅಲ್ವಾ?

ಉಳಿದದ್ದು ಎಲ್ಲಿ ಹೋಯಿತು? ಸ್ಕ್ಯಾನ್‌ಗೆ ಹೋಗುವಾಗ ನಿಲ್ಲಿಸಿದ್ದು, ಮೈ ಒರೆಸಿ ಮಗ್ಗುಲು ಬದಲಿಸುವಾಗ ನಿಲ್ಲಿಸಿದ್ದು, ಫಿಸಿಯೋಥೆರಪಿಗೆ ನಿಲ್ಲಿಸಿದ್ದು, ಟ್ಯೂಬ್ ಕಟ್ಟಿಕೊಂಡಿದ್ದು. ನಿಲ್ಲಿಸಲು ಪ್ರತಿಯೊಬ್ಬರಿಗೂ ಕಾರಣ ಇರುತ್ತದೆ. ಮತ್ತೆ ಶುರು ಮಾಡುವುದು ಮಾತ್ರ ಯಾರ ಕೆಲಸವೂ ಅಲ್ಲ! ಅದಕ್ಕೆ ಫೀಡ್ ನಿಂತ ಹೊತ್ತಿಗೇ ಚಾರ್ಟ್‌ನಲ್ಲಿ ಮೂರು ವಿಷಯ ಬರೆಯುತ್ತೇನೆ: ಯಾಕೆ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಶುರುವಾಗಬೇಕು, ಯಾರು ಶುರು ಮಾಡಬೇಕು. ಹೆಸರು ಬರೆದರೆ ಮರೆಯುವುದು ಕಡಿಮೆ.

ಇನ್ನೊಂದು ಬದಲಾವಣೆ ಇದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಗಂಟೆಗೆ ಇಷ್ಟು ಅನ್ನುವ ಬದಲು ದಿನಕ್ಕೆ ಇಷ್ಟು ಅಂತ ಗುರಿ ಇಟ್ಟುಕೊಂಡೆವು. ಬೆಳಿಗ್ಗೆ 6ಕ್ಕೆ ದಿನ ಶುರು ಅಂದುಕೊಳ್ಳಿ. ಮಧ್ಯಾಹ್ನ 2ರ ಹೊತ್ತಿಗೆ 480 ಮಿ.ಲೀ. ಹೋಗಿರಬೇಕಿತ್ತು, ನಡುವೆ ನಾಲ್ಕು ಗಂಟೆ ನಿಂತಿದ್ದರಿಂದ 240 ಅಷ್ಟೇ ಹೋಗಿದೆ. ಬಾಕಿ 1200, ಉಳಿದಿರುವುದು 16 ಗಂಟೆ. ಹಾಗಾಗಿ ಪಂಪ್ ಅನ್ನು 75ಕ್ಕೆ ಏರಿಸುತ್ತೇವೆ. ಎಲ್ಲಿಯವರೆಗೆ ಏರಿಸಬಹುದು ಅಂತ ಡಾಕ್ಟರ್ ಮೊದಲೇ ಬರೆದಿಡುತ್ತಾರೆ, ಅದನ್ನು ದಾಟುವುದಿಲ್ಲ.

ಫೀಡ್ ನಿಲ್ಲಿಸುವ ಹಳೆಯ ಕಾರಣ ಅಂದರೆ ಆಸ್ಪಿರೇಟ್. ನಾಲ್ಕು ಗಂಟೆಗೊಮ್ಮೆ ಟ್ಯೂಬ್‌ಗೆ ಸಿರಿಂಜ್ ಹಾಕಿ ಹೊಟ್ಟೆಯಲ್ಲಿ ಉಳಿದದ್ದನ್ನು ಎಳೆದು ಅಳೆಯುವುದು, 200 ಮಿ.ಲೀ. ಬಂದರೆ ಗಾಬರಿಯಾಗಿ ಫೀಡ್ ಬಂದ್ ಮಾಡುವುದು. 2013ರಲ್ಲಿ ಫ್ರಾನ್ಸ್‌ನ ಐಸಿಯುಗಳಲ್ಲಿ ನಡೆದ ಅಧ್ಯಯನವೊಂದು ಬಂತು. ಹೀಗೆ ಎಳೆದು ಅಳೆಯದೇ ಹೋದರೂ ವೆಂಟಿಲೇಟರ್ ನ್ಯುಮೋನಿಯಾ ಹೆಚ್ಚಾಗಲಿಲ್ಲ, ಊಟ ಮಾತ್ರ ಹೆಚ್ಚು ಹೋಯಿತು. 2016ರ ಅಮೆರಿಕದ ಮಾರ್ಗಸೂಚಿಯೂ ದಿನನಿತ್ಯ ಅಳೆಯಬೇಕಿಲ್ಲ ಅಂತಲೇ ಹೇಳಿತು. ಅಳೆಯುವ ಕಡೆಗಳಲ್ಲೂ, ಬೇರೆ ಲಕ್ಷಣ ಇಲ್ಲದಿದ್ದರೆ 500 ಮಿ.ಲೀ. ಒಳಗಿದ್ದಾಗ ಫೀಡ್ ನಿಲ್ಲಿಸಬೇಡಿ ಅಂದಿತು. ಆದರೆ ಫ್ರೆಂಚ್ ಅಧ್ಯಯನದಲ್ಲಿ ಆಗಷ್ಟೇ ಹೊಟ್ಟೆಯ ಆಪರೇಷನ್ ಆದವರನ್ನು ಸೇರಿಸಿರಲಿಲ್ಲ. ಅಂಥವರಿಗೆ ನಾನು ಈಗಲೂ ಅಳೆಯುತ್ತೇನೆ. ಉಳಿದವರಲ್ಲಿ ಹೊಟ್ಟೆ ಮೇಲೆ ಕೈಯಿಟ್ಟು ನೋಡುತ್ತೇನೆ. ಮೆತ್ತಗಿದೆಯಾ, ಉಬ್ಬಿ ಬಿಗಿಯಾಗಿದೆಯಾ? ವಾಂತಿ ಇದೆಯಾ, ಮಲ ಹೋಗುತ್ತಿದೆಯಾ? ರಕ್ತದೊತ್ತಡಕ್ಕೆ ಕೊಡುವ ಔಷಧಿ ಗಂಟೆಗಂಟೆಗೂ ಏರುತ್ತಿದ್ದರೆ ಅಥವಾ ಹೊಟ್ಟೆ ಗಟ್ಟಿಯಾಗುತ್ತಿದ್ದರೆ ಲೆಕ್ಕ ಬದಿಗಿಟ್ಟು ಡಾಕ್ಟರನ್ನು ಕರೆಯುತ್ತೇನೆ. ಹೊಟ್ಟೆ ಬರೀ ನಿಧಾನವಾಗಿದೆ ಅಂತಾದರೆ ಮೆಟೊಕ್ಲೊಪ್ರಮೈಡ್ ಅಥವಾ ಎರಿಥ್ರೊಮೈಸಿನ್ ಬರೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಟ್ಯೂಬ್‌ನ ತುದಿಯನ್ನು ಹೊಟ್ಟೆ ದಾಟಿಸಿ ಸಣ್ಣ ಕರುಳಿಗೆ ಇಳಿಸುತ್ತಾರೆ.

ಟ್ಯೂಬ್ ಹಾಕಿದ ಮೇಲೆ ಎಕ್ಸ್‌ರೇ ನೋಡದೆ ಫೀಡ್ ಶುರು ಮಾಡುವುದಿಲ್ಲ. ಗಾಳಿ ಊದಿ ಸ್ಟೆತೊಸ್ಕೋಪ್‌ನಲ್ಲಿ ಸದ್ದು ಕೇಳಿದರೆ ಸಾಕು ಅನ್ನುವುದನ್ನು ನಂಬಲೇಬೇಡಿ, ಶ್ವಾಸಕೋಶದಲ್ಲಿದ್ದರೂ ಅದೇ ಸದ್ದು ಬರಬಹುದು. ಎಕ್ಸ್‌ರೇ ಸರಿ ಇದ್ದರೆ ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬ್ ಮೇಲೆ ಪೆನ್ನಿನಿಂದ ಗುರುತು ಹಾಕಿ, ಎಷ್ಟು ಸೆಂ.ಮೀ. ಅಂತ ಬರೆದಿಡುತ್ತೇನೆ. ಸಕ್ಷನ್ ಮಾಡಿ ಕಫ ತೆಗೆಯುವಾಗ ಜೋರು ಕೆಮ್ಮು ಬಂದರೆ ಆ ಗುರುತನ್ನು ಮತ್ತೆ ನೋಡಲೇಬೇಕು.

ಫೀಡ್ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯದಿರಲು ತಲೆಯ ಕಡೆ ಹಾಸಿಗೆ 30ರಿಂದ 45 ಡಿಗ್ರಿ ಎತ್ತರವಿರಬೇಕು. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ, ಹಾಸಿಗೆಯ ಪಕ್ಕದ ಅಳತೆಪಟ್ಟಿ ನೋಡಿ. ಪಟ್ಟಿ 30 ತೋರಿಸುತ್ತಿದ್ದರೂ ರೋಗಿ ಕೆಳಗೆ ಜಾರಿ ಸೊಂಟದ ಬದಲು ಎದೆಯ ಹತ್ತಿರ ಬಾಗಿರುತ್ತಾರೆ. ಹೊಟ್ಟೆ ಒತ್ತಿಕೊಂಡಿರುತ್ತದೆ. ಮೇಲಕ್ಕೆ ಎಳೆದು ಸರಿಯಾಗಿ ಕೂರಿಸಿದರೇನೇ ಆ 30ಕ್ಕೆ ಅರ್ಥ. ಜೊತೆಗೆ ಟ್ರೇಕಿಯಾಸ್ಟಮಿ ಟ್ಯೂಬ್ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಹಾಕಿದ ಟ್ಯೂಬ್) ಇದ್ದರೆ, ಅದರ ಸುತ್ತ ಗಾಳಿ ತುಂಬಿದ ಬಲೂನಿನ, ಅಂದರೆ ಕಫ್‌ನ, ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು ಇದೆಯಾ ಅಂತ ನೋಡುತ್ತೇನೆ.

ಔಷಧಿಗಳೂ ಊಟದ ಹೊತ್ತು ಕದಿಯುತ್ತವೆ. ಫಿಟ್ಸ್‌ಗೆ ಕೊಡುವ ಫಿನಿಟಾಯಿನ್ ಅನ್ನೇ ನೋಡಿ. ಫೀಡ್ ಜೊತೆ ಹೋದರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ ಅಂತ ಮೊದಲೂ ಆಮೇಲೂ ಫೀಡ್ ನಿಲ್ಲಿಸುತ್ತಾರೆ. ಒಂದೊಂದೇ ಗಂಟೆ ಅಂದರೂ ದಿನಕ್ಕೆ ಮೂರು ಡೋಸ್‌ಗೆ ಆರು ಗಂಟೆ ಹೋಯಿತು. ಇದನ್ನು ರೌಂಡ್ಸ್‌ನಲ್ಲಿ ಬಾಯಿಬಿಟ್ಟು ಹೇಳಿ, ರಕ್ತನಾಳಕ್ಕೆ ಕೊಡಬಹುದಾ ಅಥವಾ ಡೋಸ್ ಕಡಿಮೆ ಸಲ ಮಾಡಬಹುದಾ ಅಂತ ಕೇಳುತ್ತೇನೆ. ಮಾತ್ರೆಗಳನ್ನು ಒಟ್ಟಿಗೆ ಪುಡಿ ಮಾಡಿ ಕಲಸಿ ಹಾಕಿದರೆ ಟ್ಯೂಬ್ ಕಟ್ಟಿಕೊಳ್ಳುವುದು ಗ್ಯಾರಂಟಿ. ಒಂದೊಂದನ್ನೇ ಬೇರೆ ಬೇರೆಯಾಗಿ ಕೊಟ್ಟು ನಡುವೆ ನೀರು ಬಿಡುತ್ತೇನೆ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡುವ ಹಾಗೇ ಇಲ್ಲ. ಕಟ್ಟಿಕೊಂಡ ಟ್ಯೂಬ್‌ಗೆ ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಒತ್ತಿ, ಎಳೆದು ಮಾಡಿದರೆ ಬಹಳ ಸಲ ಬಿಡುತ್ತದೆ. ಸೋಡಾ ಪಾನೀಯ ಸುರಿದರೆ ಹುಳಿಗೆ ಫೀಡ್‌ನ ಪ್ರೋಟೀನ್ ಗಟ್ಟಿಯಾಗಿ ಇನ್ನಷ್ಟು ಕಟ್ಟಿಕೊಳ್ಳಬಹುದು.

ಭೇದಿ ಶುರುವಾದರೆ ಎಲ್ಲರೂ ಮೊದಲು ಫೀಡ್ ಮೇಲೆ ಬೆರಳು ತೋರಿಸುತ್ತಾರೆ. ನಾನು ಮೊದಲು ಔಷಧಿ ಪಟ್ಟಿ ನೋಡುತ್ತೇನೆ. ಸಾರ್ಬಿಟಾಲ್ ಅನ್ನುವ ಸಿಹಿಕಾರಕ ಇರುವ ಸಿರಪ್, ಆ್ಯಂಟಿಬಯೋಟಿಕ್, ನಿಲ್ಲಿಸಲು ಮರೆತ ಮಲಬದ್ಧತೆಯ ಔಷಧಿ, ಇವುಗಳಲ್ಲೇ ಕಾರಣ ಸಿಗುವುದು ಜಾಸ್ತಿ.

ಹಾಗಂತ ಸುಮ್ನೆ ಜಾಸ್ತಿ ತುಂಬುವುದೂ ಸರಿಯಲ್ಲ. ಕ್ಯಾಲೊರಿ ಮಿತಿ ಮೀರಿದರೆ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಹುಟ್ಟುತ್ತದೆ. ಅದನ್ನು ಹೊರಹಾಕಲು ಇನ್ನೂ ಜೋರಾಗಿ ಉಸಿರಾಡಬೇಕಾಗಿ, ವೆಂಟಿಲೇಟರ್ ಬಿಡಿಸುವುದು ಕಷ್ಟ. ಮಂಪರಿಗೆ ಕೊಡುವ ಪ್ರೊಪೊಫಾಲ್‌ನಲ್ಲೂ ಕೊಬ್ಬಿದೆ, ಮಿ.ಲೀ.ಗೆ 1.1 ಕ್ಯಾಲೊರಿ. ಗಂಟೆಗೆ 10 ಮಿ.ಲೀ. ಓಡುತ್ತಿದ್ದರೆ ದಿನಕ್ಕೆ 264 ಕ್ಯಾಲೊರಿ ಅದರಿಂದಲೇ ಬಂತು, ಡಯಟಿಷಿಯನ್‌ಗೆ ಇದನ್ನು ಹೇಳಲೇಬೇಕು. ತುಂಬ ದಿನ ಉಪವಾಸ ಇದ್ದವರಿಗೆ ಮೆಲ್ಲಗೆ ಶುರು ಮಾಡಿ, ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಬೀಳುತ್ತಿದೆಯಾ ಅಂತ ನೋಡುತ್ತಾರೆ, ಥಯಮಿನ್ (ವಿಟಮಿನ್ ಬಿ1) ಕೊಡುತ್ತಾರೆ.

ನಾಲ್ಕು ವಾರಕ್ಕಿಂತ ಹೆಚ್ಚು ದಿನ ಬೇಕಾಗುವಂತಿದ್ದರೆ ಹೊಟ್ಟೆಗೇ ನೇರವಾಗಿ ಹಾಕುವ ಪೆಗ್ ಟ್ಯೂಬ್ ಬಗ್ಗೆ ಮನೆಯವರ ಜೊತೆ ಮಾತು ಶುರುವಾಗುತ್ತದೆ. ವೆಂಟಿಲೇಟರ್ ಬಿಟ್ಟು, ನುಂಗುವ ಪರೀಕ್ಷೆಯಲ್ಲಿ ಪಾಸಾದವರ ಟ್ಯೂಬನ್ನು ಅವತ್ತೇ ಕಿತ್ತು ಹಾಕುವುದಿಲ್ಲ. ಹಗಲು ಬಾಯಿಂದ, ರಾತ್ರಿ ಟ್ಯೂಬ್‌ನಿಂದ. ಬಾಯಿಂದ ಹೋಗುವುದೇ ಸಾಕು ಅಂತ ಡಯಟಿಷಿಯನ್ ಹೇಳಿದ ಮೇಲೆ ತೆಗೆಯುತ್ತೇವೆ.