ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 18650 ಸೆಲ್ ತಗೊಳ್ಳುವ ಮುಂಚೆ

ವೇಪ್‌ಗೆ, ಅಂದರೆ ಇ-ಸಿಗರೇಟ್‌ಗೆ, ಸೆಲ್ ಹುಡುಕುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಆ ದಾರಿ ಇಲ್ಲಿ ಮುಚ್ಚಿದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, 2019ರ ಕೇಂದ್ರ ಕಾನೂನು ದೇಶದಲ್ಲೆಲ್ಲಾ ಅದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು ನಿಲ್ಲಿಸಿತು. ಆದರೆ ಅದರಲ್ಲಿ ಹಾಕುವ ಅದೇ 18650 ಲಿಥಿಯಂ ಸೆಲ್ ಟಾರ್ಚ್‌ನಲ್ಲಿದೆ, ಪವರ್ ಬ್ಯಾಂಕ್‌ನಲ್ಲಿದೆ, ಕಾಲೇಜು ಹುಡುಗರ ರೋಬೋ ಪ್ರಾಜೆಕ್ಟ್‌ನಲ್ಲೂ ಇದೆ. ಅವರು ಅದನ್ನು ಬ್ಯಾಗಿಗೆ ಹಾಗೇ ಸುರಿದುಕೊಂಡು ಬಸ್ ಹತ್ತುವುದು ನೋಡಿದರೆ ನನಗೆ ನಿಜವಾಗಿಯೂ ಭಯ ಆಗುತ್ತೆ.

18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಹೆಸರಲ್ಲೇ ಅಳತೆ ಇದೆ. ಈ ಅಳತೆಯ ಸೆಲ್‌ನಲ್ಲಿ ಸಾಮಾನ್ಯವಾಗಿ ಸುಮಾರು 3500 ಎಂಎಎಚ್‌ಗಿಂತ (ಸೆಲ್ ಹಿಡಿಯುವ ಚಾರ್ಜ್‌ನ ಅಳತೆ) ಜಾಸ್ತಿ ಹಿಡಿಯುವುದಿಲ್ಲ. ಹಾಗಾಗಿ 9900 ಅಂತ ಬರೆದದ್ದು ಸುಳ್ಳು, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಕೈಯಲ್ಲಿ ಹಿಡಿದು ನೋಡಿ: ಒಳ್ಳೆಯದು 45 ಗ್ರಾಂ ಆಸುಪಾಸು ತೂಗುತ್ತೆ, ತೀರಾ ಹಗುರ ಅನ್ನಿಸಿದರೆ ವಾಪಸ್ ಕೊಡಿ.

ಇನ್ನು ಎಲ್ಲರೂ ಬಿಡುವ ವಿಷಯ, ಆಂಪ್. ಎಂಎಎಚ್ ಅಂದರೆ ಎಷ್ಟು ಹೊತ್ತು ಬರುತ್ತೆ ಅಂತ, ಆಂಪ್ ಅಂದರೆ ಒಂದೇ ಸಲಕ್ಕೆ ಎಷ್ಟು ಕರೆಂಟ್ ಎಳೆಯಬಹುದು ಅಂತ. ಸ್ಯಾಮ್‌ಸಂಗ್ 25ಆರ್ ಬರೀ 2500 ಎಂಎಎಚ್, ಆದರೆ 20 ಆಂಪ್ ಕೊಡುತ್ತೆ. ಮೆಕ್ಯಾನಿಕಲ್ ವೇಪ್‌ಗಳು ಸಿಡಿದಿದ್ದಕ್ಕೆ ಒಂದು ಕಾರಣ ಇಲ್ಲೇ ಇದೆ: ಒಳಗೆ ತಡೆಯುವ ಸರ್ಕ್ಯೂಟ್ ಇಲ್ಲ, ಫುಲ್ ಚಾರ್ಜ್ ಆದ 4.2 ವೋಲ್ಟ್ ನೇರವಾಗಿ ಬಿಸಿಯಾಗುವ ತಂತಿಗೆ, ಅಂದರೆ 0.2 ಓಮ್ ಕಾಯಿಲ್‌ಗೆ, ಹೋದರೆ 21 ಆಂಪ್ ಹರಿಯುತ್ತೆ, 10 ಆಂಪ್‌ನ ಸೆಲ್ ಅದನ್ನು ಎಲ್ಲಿ ತಡೆದೀತು? ನೀವು ಮೋಟಾರ್ ಓಡಿಸುತ್ತಿದ್ದರೂ ಲೆಕ್ಕ ಇದೇ.

ಪ್ಲಸ್ ತುದಿಯನ್ನು ಹತ್ತಿರದಿಂದ ನೋಡಿ. ಮಧ್ಯದ ಬಟನ್ ಸುತ್ತ ಒಂದು ತೆಳು ಉಂಗುರ ಕಾಣುತ್ತೆ, ಅದರ ಪಕ್ಕದಲ್ಲೇ ಲೋಹದ ಅಂಚು. ಆ ಅಂಚಿನಿಂದ ಕೆಳಗಿನವರೆಗೆ ಇಡೀ ಡಬ್ಬಿ ಮೈನಸ್! ಪ್ಲಸ್, ಮೈನಸ್ ಒಂದಕ್ಕೊಂದು ತಾಗಿ ಶಾರ್ಟ್ ಆಗದಂತೆ ನಡುವೆ ಇರುವುದು ಆ ಉಂಗುರ ಮತ್ತು ಪ್ಲಾಸ್ಟಿಕ್ ಹೊದಿಕೆ ಅಷ್ಟೇ. ಹೊದಿಕೆ ಉಗುರಿನಷ್ಟು ಹರಿದಿದ್ದರೂ ಬಳಸಬೇಡಿ, ಹೊಸ ಹೊದಿಕೆ ಹಾಕಿಸಿ. ಕೀ, ಚಿಲ್ಲರೆ ಇರುವ ಜೇಬಿಗೆ ಸೆಲ್ ಹಾಕಲೇಬೇಡಿ, ಪ್ಲಾಸ್ಟಿಕ್ ಕೇಸ್ ತೀರಾ ಅಗ್ಗಕ್ಕೆ ಸಿಗುತ್ತೆ. ತಗ್ಗು ಬಿದ್ದಿದ್ದರೆ, ಸೋರಿದ್ದರೆ ರಿಪೇರಿ ಮಾತೇ ಇಲ್ಲ.

ಚಾರ್ಜ್‌ಗೆ ಟಿಪಿ 4056 ಅನ್ನುವ ಪುಟ್ಟ ಚಾರ್ಜಿಂಗ್ ಬೋರ್ಡ್ ತಗೊಳ್ಳುವುದಾದರೆ ಔಟ್ ಅಂತ ಬೇರೆ ಎರಡು ಪಾಯಿಂಟ್ ಇರುವುದನ್ನೇ ಕೇಳಿ, ರಕ್ಷಣೆಯ ಚಿಪ್ ಇರುವುದು ಅದರಲ್ಲಿ. ಮಲಗುವಾಗ ಚಾರ್ಜ್‌ಗೆ ಹಾಕಬೇಡಿ, ಹಾಸಿಗೆ ಮೇಲಂತೂ ಬೇಡವೇ ಬೇಡ. ಮಲ್ಟಿಮೀಟರ್‌ನಲ್ಲಿ 2.5 ವೋಲ್ಟ್‌ಗಿಂತ ಕೆಳಗೆ ತೋರಿಸುವ ಹಳೆ ಲ್ಯಾಪ್‌ಟಾಪ್ ಸೆಲ್‌ಗೆ ಮತ್ತೆ ಜೀವ ಕೊಡುವ ಆಸೆ ಬಿಡಿ. ಎರಡು ಸೆಲ್ ಜೋಡಿಸುವುದಾದರೆ ಒಂದೇ ಮಾಡೆಲ್, ಒಟ್ಟಿಗೆ ಕೊಂಡದ್ದು ಆಗಿರಲಿ. ಹೊಸದಕ್ಕೆ ಹಳೆಯದನ್ನು ಸೇರಿಸಬೇಡಿ. ಮತ್ತೆ ದಯವಿಟ್ಟು ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಆ ಬಿಸಿ ಒಳಗಿನ ಪದರಗಳನ್ನು ಹಾಳು ಮಾಡುತ್ತೆ. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ (ಕ್ಷಣ ಹೊತ್ತು ಕರೆಂಟ್ ಹಾಯಿಸಿ ಬೆಸೆಯುವುದು) ಮಾಡಿಸಿ, ಇಲ್ಲಾಂದ್ರೆ ಹೋಲ್ಡರ್ ಬಳಸಿ.

ಸತ್ತ ಸೆಲ್‌ನ ಎರಡೂ ತುದಿಗೆ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳುವವರಿಗೇ ಕೊಡಿ. ಒಣ ಕಸದಲ್ಲಿ ಹಾಕಿದರೆ ಕಾಂಪ್ಯಾಕ್ಟರ್ ಲಾರಿಯಲ್ಲಿ ಅದು ಜಜ್ಜಿಹೋಗಿ ಹೊತ್ತಿಕೊಳ್ಳಬಹುದು, ಅಲ್ಲಿ ಕೆಲಸ ಮಾಡುತ್ತಿರುವ ಪೌರಕಾರ್ಮಿಕರಿಗೆ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ.