ಕೈಯಿಂದ ಹೊಸೆದ ಊಲಾಂಗ್ ಚಹಾವನ್ನು ಇಳಿಸುವ ಬಗೆ

ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರ ತಾಲ್ಲೂಕಿನ ಕಾಡುಮನೆ ಮುಂತಾದ ಕಡೆ ಚಹಾ ತೋಟಗಳಿದ್ದರೂ, ನಮ್ಮ ಮನೆಗಳಲ್ಲಿ ಚಹಾ ಎಂದರೆ ಹರಳು ಹರಳಾದ ಪುಡಿಯನ್ನು ಹಾಲು, ಸಕ್ಕರೆಯೊಂದಿಗೆ ಕುದಿಸಿ ಸೋಸುವುದೇ ಆಗಿದೆ. ಆ ಪುಡಿಗೆ ಆ ಕ್ರಮವೇ ಸರಿ. ಆದರೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನದಾದ, ಇಡೀ ಎಲೆಯನ್ನು ಹೊಸೆದು ಮಾಡಿದ ಊಲಾಂಗ್ ಚಹಾವನ್ನು ಹಾಗೆ ಕುದಿಸಿದರೆ ಘಮವೆಲ್ಲ ಆವಿಯೊಂದಿಗೆ ಹೋಗಿ, ಪಾತ್ರೆಯಲ್ಲಿ ಒಗರು ಮಾತ್ರ ಉಳಿಯುತ್ತದೆ. ಇದನ್ನು ಕಡಿಮೆ ನೀರಿನಲ್ಲಿ, ಕಡಿಮೆ ಹೊತ್ತು ನೆನೆಸಿ, ಅದೇ ಎಲೆಯಿಂದ ಹಲವು ಸಲ ಇಳಿಸಬೇಕು.

ಹೀಗೇಕೆ ಎಂಬುದು ಅದನ್ನು ತಯಾರಿಸುವ ರೀತಿ ತಿಳಿದರೆ ಸ್ಪಷ್ಟವಾಗುತ್ತದೆ. ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ಬೆಳೆದು ತೈವಾನಿಗೂ ಹಬ್ಬಿದ ಈ ಕಸುಬಿನಲ್ಲಿ, ಎಳೆ ಚಿಗುರಿಗಿಂತ ತುಸು ಬಲಿತ ಎಲೆಗಳನ್ನು ಕಡ್ಡಿಸಮೇತ ಕೊಯ್ದು, ಬಿಸಿಲಿನಲ್ಲಿ ಬಾಡಿಸಿ, ನೆರಳಿಗೆ ತಂದು, ಬಿದಿರಿನ ತಟ್ಟೆಗಳಲ್ಲಿ ಮೆಲ್ಲಗೆ ಕುಲುಕುವುದು, ಮತ್ತೆ ಬಹಳ ಹೊತ್ತು ಸುಮ್ಮನೆ ಬಿಡುವುದು, ಹೀಗೆ ಹಲವು ಸುತ್ತು ನಡೆಯುತ್ತದೆ. ಕುಲುಕಿದಾಗ ಜಜ್ಜಿದ ಅಂಚು ಗಾಳಿ ತಾಗಿ ಕೆಂಪೇರುತ್ತದೆ, ನಡುಭಾಗ ಹಸಿರಾಗಿಯೇ ಇರುತ್ತದೆ. ಹಸಿಸೊಪ್ಪಿನ ವಾಸನೆ ಕಳೆದು ಹೂವಿನ ಘಮ ಏಳುವ ಹೊತ್ತನ್ನು ಮೂಗಿನಿಂದಲೇ ಗುರುತಿಸಿ, ಕಾದ ಬಾಣಲೆಗೆ ಹಾಕಿ ಆ ಬದಲಾವಣೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ; ಕುಶಲಕರ್ಮಿಯ ನಿಜವಾದ ವಿದ್ಯೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ಉರುಳಿಸಿ, ಉಂಡೆಗಟ್ಟಿಸಿ ಒಣಗಿಸುತ್ತಾರೆ, ಕೆಲವನ್ನು ಇದ್ದಿಲ ಕಾವಿನಲ್ಲಿ ಹುರಿಯುತ್ತಾರೆ. ಅಷ್ಟು ಬಿಗಿಯಾದ ಉಂಡೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವುದಿಲ್ಲ, ಆದ್ದರಿಂದಲೇ ರುಚಿಯೂ ಕಂತುಕಂತಾಗಿ ಬರುತ್ತದೆ.

ನೀರಿನ ಕಾವಿನ ಬಗ್ಗೆ ನಮ್ಮವರು ಥರ್ಮಾಮೀಟರ್ ಹುಡುಕಬೇಕಾಗಿಲ್ಲ. ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುವುದರಿಂದ, ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಚಿಕ್ಕಮಗಳೂರು, ಹಾಸನಗಳಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಊಲಾಂಗ್‌ಗೆ 90ರಿಂದ 100 ಡಿಗ್ರಿಯ ಕಾವು ಹೊಂದುವುದರಿಂದ, ಕುದಿ ಬಂದ ಕೂಡಲೇ ಸುರಿಯಬಹುದು. ಹೆಚ್ಚು ಹಸಿರಾದ, ಹುರಿಯದ ಎಲೆಯಾದರೆ ಮಾತ್ರ ಅರ್ಧ ನಿಮಿಷ ತಡೆಯುವುದು ಒಳ್ಳೆಯದು. ಕಾವಿಗಿಂತ ನೀರಿನ ಗುಣ ಮುಖ್ಯ: ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಚಹಾದ ಬಣ್ಣ ಮಂಕಾಗಿ ಮೇಲೆ ಪೊರೆ ಕಟ್ಟುವುದುಂಟು, ಅಂಥ ಕಡೆ ಫಿಲ್ಟರ್ ಮಾಡಿದ ಮೃದು ನೀರನ್ನೇ ಬಳಸಬೇಕು.

ಮುಚ್ಚಳವಿರುವ 100 ಮಿಲಿಲೀಟರಿನ ಪಿಂಗಾಣಿ ಬಟ್ಟಲನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿ, 5 ಗ್ರಾಂ ಎಲೆ ಹಾಕಿರಿ. ಅದು ತಳವನ್ನಷ್ಟೇ ಮುಚ್ಚುತ್ತದೆ. ಕಡಿಮೆಯಾಯಿತೆಂದು ಇನ್ನಷ್ಟು ಸೇರಿಸಬೇಡಿ. ಬಿಸಿನೀರು ಸುರಿದು ಐದು ಸೆಕೆಂಡಿನಲ್ಲಿ ಬಸಿದು ಚೆಲ್ಲಿರಿ, ಆ ಒದ್ದೆ ಎಲೆಯ ಪರಿಮಳವನ್ನು ಮುಚ್ಚಳ ತೆರೆದು ಒಮ್ಮೆ ನೋಡಿರಿ. ನಂತರ ಮತ್ತೆ ನೀರು ತುಂಬಿ 25–30 ಸೆಕೆಂಡಿಗೆ ಒಂದು ಹನಿಯೂ ಉಳಿಯದಂತೆ ಪೂರ್ತಿ ಬಸಿಯಿರಿ. ಉಳಿದ ನೀರಿನಲ್ಲಿ ಎಲೆ ನೆನೆಯುತ್ತಲೇ ಇದ್ದರೆ ಮುಂದಿನ ಸುತ್ತು ಒಗರಾಗುತ್ತದೆ. ಎರಡನೆಯದಕ್ಕೆ ಅಷ್ಟೇ ಹೊತ್ತು ಸಾಕು, ಮೂರರಿಂದ ಮುಂದೆ ಪ್ರತಿ ಸಲವೂ ಹತ್ತು ಹದಿನೈದು ಸೆಕೆಂಡು ಹೆಚ್ಚಿಸುತ್ತ ಹೋಗಬಹುದು. ಒಳ್ಳೆಯ ಎಲೆ ಐದಾರು ಸುತ್ತು ಬರುತ್ತದೆ. ಅಷ್ಟು ವ್ಯವಧಾನವಿಲ್ಲದಿದ್ದರೆ ದೊಡ್ಡ ಲೋಟದಲ್ಲಿ 200 ಮಿಲಿಲೀಟರ್ ನೀರಿಗೆ 3 ಗ್ರಾಂ ಹಾಕಿ ಮೂರು ನಿಮಿಷ ಬಿಟ್ಟು ಸೋಸಬಹುದು.

ಎಲ್ಲ ಮುಗಿದ ಮೇಲೆ ಒಂದೆಲೆಯನ್ನು ತಟ್ಟೆಯ ಮೇಲೆ ಬಿಡಿಸಿ ನೋಡಿರಿ: ತುಂಡಾಗದ ಎಲೆ, ಕಡ್ಡಿ, ಹಸಿರಿನ ಸುತ್ತ ಕೆಂಪಂಚು ಕಂಡರೆ ಕುಲುಕುವ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. ಬಹಳ ಹುರಿದ ಎಲೆಯಲ್ಲಿ ಈ ಗುರುತು ಅಷ್ಟು ತಿಳಿಯುವುದಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಕಾಫಿಪುಡಿ ಮತ್ತು ಮೆಣಸಿನಿಂದ ದೂರವಿಡಬೇಕು, ಏಕೆಂದರೆ ಚಹಾ ಎಲೆ ತೇವವನ್ನೂ ವಾಸನೆಯನ್ನೂ ಬೇಗ ಹೀರುತ್ತದೆ. ದೊಡ್ಡ ಪೊಟ್ಟಣವನ್ನು ಪದೇ ಪದೇ ತೆರೆಯುವ ಬದಲು, ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಡಬ್ಬಿಗೆ ತೆಗೆದಿಟ್ಟುಕೊಳ್ಳಿ.