ಮನೆಯಲ್ಲಿ ಪೇಶೆಂಟ್ ನೋಡಿಕೊಳ್ಳುವ ಕೆಲಸಕ್ಕೆ ಹೊರಟಿದ್ದೀರಾ? ಇಷ್ಟು ತಿಳಿದುಕೊಂಡು ಹೋಗಿ

ಆಸ್ಪತ್ರೆಯಲ್ಲಿ ಏನಾದರೂ ಗೊತ್ತಾಗಲಿಲ್ಲ ಅಂದರೆ ಸಿಸ್ಟರ್‌ನ ಕೂಗಬಹುದು. ಅವರಿಗೂ ಗೊತ್ತಾಗದಿದ್ದರೆ ಡ್ಯೂಟಿ ಡಾಕ್ಟರ್ ಬರುತ್ತಾರೆ. ಮನೆಯಲ್ಲಿ ಹಾಗಲ್ಲ. ರಾತ್ರಿ ಎರಡು ಗಂಟೆಗೆ ತಾತನಿಗೆ ಏದುಸಿರು ಬಂದರೆ ಅಲ್ಲಿ ಇರುವುದು ತಾತ, ನೀವು, ಮತ್ತೆ ನಿದ್ದೆಗಣ್ಣಲ್ಲಿ ಎದ್ದು ಬಂದ ಅವರ ಮಗಳು. "ಏನಾಯ್ತು ಸಿಸ್ಟರ್?" ಅಂತ ಅವರು ಕೇಳುವುದು ನಿಮ್ಮನ್ನೇ. ನೀವು ಸಿಸ್ಟರ್ ಅಲ್ಲ, ಅಟೆಂಡರ್ ಅಂತ ಅವರಿಗೆ ಎಷ್ಟು ಸಲ ಹೇಳಿದರೂ ಅಷ್ಟೇ.

ಬೆಂಗಳೂರಿನಲ್ಲಿ ಈಗ ಇಂಥ ಕೇಸ್‌ಗಳು ಜಾಸ್ತಿ. ಸ್ಟ್ರೋಕ್ ಆದವರು, ಸೊಂಟದ ಮೂಳೆ ಆಪರೇಷನ್ ಆದವರು, ಶ್ವಾಸಕೋಶದ ಕಾಯಿಲೆಯವರು, ಐಸಿಯುನಿಂದ ಸೀದಾ ಮನೆಗೆ ಬಂದವರು. ಹಾಲ್‌ನಲ್ಲಿದ್ದ ಸೋಫಾ ಸರಿಸಿ ಬಾಡಿಗೆ ಮಂಚ, ಗಾಳಿ ಹಾಸಿಗೆ, ಆಕ್ಸಿಜನ್ ಮಷೀನ್, ಕಫ ಎಳೆದು ತೆಗೆಯುವ ಸಕ್ಷನ್ ಮಷೀನ್ ಎಲ್ಲ ಇಟ್ಟಿರುತ್ತಾರೆ. ಡಾಕ್ಟರ್ ವಿಡಿಯೋ ಕಾಲ್‌ನಲ್ಲಿ ಬರುತ್ತಾರೆ, ನರ್ಸ್ ದಿನಕ್ಕೊಮ್ಮೆ ಬಂದು ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ, ಫಿಸಿಯೋದವರು ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ನೀವೇ.

ಹಾಗಾಗಿ ಸುಮ್ನೆ ಊರಿನಿಂದ ಬಸ್ ಹತ್ತಿ ಬಂದು ಸೇರಿಕೊಳ್ಳುವ ಕೆಲಸ ಇದಲ್ಲ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಥವಾ ಹೋಮ್ ಹೆಲ್ತ್ ಏಡ್ ಕೋರ್ಸ್ ಮಾಡಿಕೊಳ್ಳಿ. ಕೋರ್ಸ್ ಆದಮೇಲೆ ಕೆಲವು ತಿಂಗಳಾದರೂ ವಾರ್ಡ್‌ನಲ್ಲಿ ಕೆಲಸ ಮಾಡಿ. ಕೈ ಪಳಗುವುದು ಅಲ್ಲೇ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಏಜೆನ್ಸಿಯವರು ಹಾಕಿಸುತ್ತಾರೆ ಅಂತ ಕಾಯಬೇಡಿ, ಕಾದವರು ಕಾಯುತ್ತಲೇ ಇದ್ದಾರೆ.

ಕೇಸ್ ಒಪ್ಪಿಕೊಳ್ಳುವ ಮುಂಚೆ

ನನಗೊಮ್ಮೆ "ವಯಸ್ಸಾದವರು ಅಷ್ಟೇ, ಮನೇಲೇ ಓಡಾಡಿಕೊಂಡಿದ್ದಾರೆ" ಅಂತ ಹೇಳಿ ಕಳಿಸಿದ್ದರು. ಹೋಗಿ ನೋಡಿದರೆ ತೊಂಬತ್ತು ಕೆಜಿ ಇದ್ದ ಅಂಕಲ್, ಗಂಟಲಲ್ಲಿ ಉಸಿರಾಡಲು ರಂಧ್ರ ಮಾಡಿ ಹಾಕಿದ ಟ್ರೆಕಿಯಾಸ್ಟಮಿ ಟ್ಯೂಬ್, ಮನೆಯಲ್ಲಿ ಅವರ ಹೆಂಡತಿ ಬಿಟ್ಟರೆ ಇನ್ಯಾರೂ ಇಲ್ಲ. ಆಗ ನನಗೆ ಸಕ್ಷನ್ ಮಾಡುವುದು ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಏಜೆನ್ಸಿಗೆ ಫೋನ್ ಮಾಡಿ, ಇದು ನನ್ನ ಕೈಲಿ ಆಗಲ್ಲ, ನರ್ಸ್ ಕಳಿಸಿ ಅಂದೆ. ಬೈಸಿಕೊಂಡೆ. ಆದರೆ ಬರುವವರೆಗೂ ಅಲ್ಲೇ ಕೂತಿದ್ದೆ, ಆ ಆಂಟಿಯನ್ನು ಒಬ್ಬರೇ ಬಿಟ್ಟು ಹೇಗೆ ಬರುವುದು?

ಆಮೇಲಿಂದ ನಾನು ಫೋನ್‌ನಲ್ಲೇ ಎಲ್ಲ ಕೇಳಿಕೊಳ್ಳುತ್ತೇನೆ. ಪೇಶೆಂಟ್ ತೂಕ ಎಷ್ಟು, ಏನೇನು ಟ್ಯೂಬ್ ಇದೆ, ನರ್ಸ್ ಬರುತ್ತಾರಾ, ಎತ್ತಿ ಕೂರಿಸಲು ಇನ್ನೊಬ್ಬರು ಇದ್ದಾರಾ, 12 ಗಂಟೆಯಾ 24 ಗಂಟೆಯಾ. 24 ಗಂಟೆಯಾದರೆ ಮಲಗುವುದು ಎಲ್ಲಿ, ಊಟ ಯಾರದು, ವಾರದ ರಜೆ ಯಾವತ್ತು. ಇಂಜೆಕ್ಷನ್, ಡ್ರಿಪ್, ಕ್ಯಾತಿಟರ್ (ಯೂರಿನ್ ಟ್ಯೂಬ್) ಹಾಕುವುದು, ಮೂಗಿನ ಟ್ಯೂಬ್ ಹಾಕುವುದು ನಮ್ಮ ಕೆಲಸ ಅಲ್ಲ, ಅದನ್ನು ಮೊದಲೇ ಹೇಳಿಬಿಡಿ. "ಇಷ್ಟು ದಿನದಿಂದ ನೋಡಿದ್ದೀಯಲ್ಲಮ್ಮ, ನೀನೇ ಹಾಕು" ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಹಾಕಬೇಡಿ.

ಮೊದಲ ದಿನ

ಡಿಸ್ಚಾರ್ಜ್ ಸಮ್ಮರಿ ಕೇಳಿ ಇಸ್ಕೊಳ್ಳಿ. ಇಂಗ್ಲಿಷ್‌ನಲ್ಲಿ ಇರುತ್ತದೆ, ಅರ್ಥ ಆಗದಿದ್ದರೆ ನಾಚಿಕೆ ಬೇಡ, ನರ್ಸ್ ಬಂದಾಗ ಪಕ್ಕ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಮುಖ್ಯವಾಗಿ ಒಂದು ಪ್ರಶ್ನೆ: ಯಾವ ನಂಬರ್ ಎಷ್ಟಕ್ಕೆ ಇಳಿದರೆ ಅಥವಾ ಏರಿದರೆ ನಾನು ಫೋನ್ ಮಾಡಬೇಕು? ಆಕ್ಸಿಜನ್ ಎಲ್ಲರಿಗೂ 94ರ ಮೇಲೆ ಇರಬೇಕು ಅಂತ ಕೋರ್ಸ್‌ನಲ್ಲಿ ಹೇಳಿರುತ್ತಾರೆ, ಆದರೆ ಸಿಒಪಿಡಿ ಅನ್ನುವ ಶ್ವಾಸಕೋಶದ ಹಳೇ ಕಾಯಿಲೆ ಇರುವ ಎಷ್ಟೋ ಜನಕ್ಕೆ ಡಾಕ್ಟರ್ 88ರಿಂದ 92 ಸಾಕು ಅನ್ನುತ್ತಾರೆ. ಅಂಥವರಿಗೆ ಪಾಪ ಅಂತ ಆಕ್ಸಿಜನ್ ಜಾಸ್ತಿ ಬಿಟ್ಟರೆ ಒಳ್ಳೆಯದಲ್ಲ, ಕೆಟ್ಟದ್ದು.

ಆ ನಂಬರ್‌ಗಳನ್ನು, ಫೋನ್ ಮಾಡಬೇಕಾದವರ ಹೆಸರನ್ನು, ಮನೆಯ ಪೂರ್ತಿ ವಿಳಾಸವನ್ನು ಒಂದು ಹಾಳೆಯಲ್ಲಿ ದಪ್ಪಗೆ ಬರೆದು ಮಂಚದ ಹತ್ತಿರ ಗೋಡೆಗೆ ಅಂಟಿಸಿ. ವಿಳಾಸ ಯಾಕೆ ಅಂದರೆ, 108ಕ್ಕೆ ಫೋನ್ ಮಾಡಿದಾಗ ಮೊದಲು ಕೇಳುವುದೇ ಅದು, ಆ ಗಾಬರಿಯಲ್ಲಿ ಬೇರೆಯವರ ಮನೆಯ ವಿಳಾಸ ನಮ್ಮ ಬಾಯಿಗೆ ಬರುವುದಿಲ್ಲ, ಅದೂ ಬೆಂಗಳೂರಿನಲ್ಲಿ ಬಡಾವಣೆಗೊಂದು ಮೂರನೇ ಕ್ರಾಸ್ ಇರುವಾಗ. ದೇವಸ್ಥಾನವೋ ಬೇಕರಿಯೋ, ಹತ್ತಿರದ ಒಂದು ಗುರುತನ್ನೂ ಬರೆಯಿರಿ. ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಯುತ್ತದಾ ಅಂತಲೂ ಅವತ್ತೇ ನೋಡಿಕೊಳ್ಳಿ.

ಪುಸ್ತಕ

ಈ ಕೆಲಸದಲ್ಲಿ ನಿಮ್ಮ ದೊಡ್ಡ ಉಪಕರಣ ಬಿಪಿ ಮಷೀನ್ ಅಲ್ಲ, ಇನ್ನೂರು ಪುಟದ ನೋಟ್ ಪುಸ್ತಕ. ಡಾಕ್ಟರ್ ಅಲ್ಲಿಲ್ಲ, ಅವರ ಕಣ್ಣು ನೀವು, ನೀವು ಬರೆಯದೇ ಇದ್ದದ್ದು ಅವರ ಪಾಲಿಗೆ ನಡೆದೇ ಇಲ್ಲ. ಟೈಮ್ ಹಾಕಿ ಬರೆಯಿರಿ: ಬಿಪಿ, ನಾಡಿ, ಆಕ್ಸಿಜನ್, ಜ್ವರ, ಶುಗರ್, ಎಷ್ಟು ಎಂಎಲ್ ಊಟ, ಎಷ್ಟು ಎಂಎಲ್ ಯೂರಿನ್, ಮೋಷನ್ ಆಯ್ತಾ, ಯಾವ ಮಗ್ಗುಲಿಗೆ ಮಲಗಿಸಿದಿರಿ. ನೋಡಿದಾಗಲೇ ಬರೆಯಬೇಕು. ಡ್ಯೂಟಿ ಮುಗಿಯುವಾಗ ಕೂತು ಎಲ್ಲದಕ್ಕೂ 120/80 ಅಂತ ಗೀಚುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕಿಂತ ಖಾಲಿ ಬಿಡುವುದೇ ವಾಸಿ.

ನಂಬರ್ ಅಲ್ಲದ್ದನ್ನೂ ಬರೆಯಿರಿ. ಒಂದು ಮನೆಯಲ್ಲಿ ಅಜ್ಜಿಗೆ ಮೂರು ದಿನದಿಂದ ಯೂರಿನ್ ಕಡಿಮೆ ಆಗುತ್ತಾ ಬಂದಿತ್ತು: ದಿನಕ್ಕೆ 1,200 ಎಂಎಲ್, ಆಮೇಲೆ 900, ಆಮೇಲೆ 550. ಜ್ವರ ಇಲ್ಲ, ಬಿಪಿ ಸರಿಯಾಗೇ ಇದೆ. "ನಂಗೇನಾಗಿದೆ, ಚೆನ್ನಾಗೇ ಇದ್ದೀನಿ" ಅನ್ನುತ್ತಿದ್ದರು. ಆದರೆ ಅವತ್ತು ಬೆಳಿಗ್ಗೆ ನನ್ನನ್ನು ಎರಡು ಸಲ ಅವರ ತಂಗಿ ಹೆಸರು ಹಿಡಿದು ಕರೆದರು. ಅದನ್ನೂ ಬರೆದು, ಆ ಮೂರು ಪುಟ ನರ್ಸ್‌ಗೆ ತೋರಿಸಿದೆ. ಯೂರಿನ್ ಇನ್‌ಫೆಕ್ಷನ್. ಔಷಧಿ ಮನೆಯಲ್ಲೇ ಶುರುವಾಯಿತು, ಅಜ್ಜಿ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ವಯಸ್ಸಾದವರಲ್ಲಿ ಜ್ವರಕ್ಕಿಂತ ಮುಂಚೆ ಮಾತಿನಲ್ಲಿ ಗೊಂದಲ ಕಾಣುವುದು ಉಂಟು.

ಟ್ಯೂಬ್‌ಗಳ ವಿಷಯ

ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬ್‌ಗೆ ಮೂಗಿನ ಹತ್ತಿರ ಮಾರ್ಕರ್‌ನಲ್ಲಿ ಒಂದು ಗೆರೆ ಇರಬೇಕು. ಊಟ ಕೊಡುವ ಮುಂಚೆ ಪ್ರತಿ ಸಲ ಗೆರೆ ನೋಡಿ. ಜರುಗಿದ್ದರೆ ಏನೂ ಕೊಡಬೇಡಿ, ನರ್ಸ್‌ಗೆ ಫೋನ್ ಮಾಡಿ. ಟ್ಯೂಬ್ ಶ್ವಾಸಕೋಶದ ಕಡೆ ಹೋಗಿದ್ದರೆ ನೀವು ಹಾಕುವ ಗಂಜಿ ಹೋಗುವುದು ಅಲ್ಲಿಗೇ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿ, ಗಂಜಿಯನ್ನು ಚೆನ್ನಾಗಿ ಸೋಸಿ, ಸಿರಿಂಜ್ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಿ, ತಳ್ಳಬೇಡಿ. ಮುಂಚೆ ಸ್ವಲ್ಪ ನೀರು, ಆಮೇಲೆ ಸ್ವಲ್ಪ ನೀರು. ಮುಗಿದ ಮೇಲೂ ಒಂದು ಗಂಟೆ ಹಾಗೇ ಒರಗಿಸಿರಬೇಕು. ಮಾತ್ರೆ ಪುಡಿ ಮಾಡುವ ಮುಂಚೆ ಕೇಳಿ, ಕೆಲವು ಮಾತ್ರೆ ಪುಡಿ ಮಾಡುವ ಹಾಗಿಲ್ಲ.

ಹಬ್ಬದ ದಿನ ಹುಷಾರು. "ಒಂದೇ ಒಂದು ಚಮಚ ಪಾಯಸ, ಪಾಪ ಆಸೆ ಇರುತ್ತೆ" ಅಂತ ಯಾರಾದರೂ ಅತ್ತೆಯೋ ಚಿಕ್ಕಮ್ಮನೋ ನೀವು ಬಾತ್‌ರೂಮಿಗೆ ಹೋದಾಗ ಬಾಯಿಗೆ ಹಾಕಿಬಿಡುತ್ತಾರೆ. ನುಂಗಲು ಆಗದೆ ಇರುವುದಕ್ಕೇ ಟ್ಯೂಬ್ ಹಾಕಿರುವುದು ಅಂತ ಬೆಳಿಗ್ಗೆಯೇ ಎಲ್ಲರಿಗೂ ಹೇಳಿಡಿ.

ಯೂರಿನ್ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗಬಾರದು. ಯೂರಿನ್ ಬರುತ್ತಿಲ್ಲ ಅನ್ನಿಸಿದರೆ ಮೊದಲು ಪೈಪ್ ತೊಡೆ ಕೆಳಗೆ ಸಿಕ್ಕಿಕೊಂಡಿದೆಯಾ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ. 60 ಕೆಜಿಯವರಿಗೆ ಗಂಟೆಗೆ ಸುಮಾರು 30 ಎಂಎಲ್ ಆದರೂ ಬರಬೇಕು. ನಾಲ್ಕೈದು ಗಂಟೆ ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ಹೊಟ್ಟೆ ಕೆಳಗೆ ಉಬ್ಬಿದ್ದರೆ, ಫೋನ್.

ಆಕ್ಸಿಜನ್ ಮಷೀನ್ ಕರೆಂಟ್‌ನಲ್ಲಿ ಓಡುತ್ತದೆ. ಕರೆಂಟ್ ಹೋದರೆ? ಪಕ್ಕದಲ್ಲಿ ಸಿಲಿಂಡರ್ ಇರಲೇಬೇಕು, ಅದರ ಕೀಲಿ ಸಿಲಿಂಡರ್‌ಗೇ ಕಟ್ಟಿರಬೇಕು, ಯಾವುದೋ ಡ್ರಾಯರ್‌ನಲ್ಲಿ ಅಲ್ಲ. ಮನೆಗೆ ತರುವ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಆದರೆ ಹನ್ನೆರಡು ಗಂಟೆ, 5 ಲೀಟರ್ ಆದರೆ ಐದೇ ಗಂಟೆ. ಈ ಲೆಕ್ಕ ಮೊದಲ ದಿನವೇ ಹಾಕಿಟ್ಟುಕೊಳ್ಳಿ. ಬೆಸ್ಕಾಂ ನಂಬರ್ 1912 ಕೂಡ ಗೋಡೆ ಮೇಲಿನ ಹಾಳೆಗೆ ಸೇರಲಿ. ಇನ್ನು ದೀಪ, ಊದುಬತ್ತಿ, ಕರ್ಪೂರ. ನೇರವಾಗಿ ಬೇಡ ಅಂದರೆ ಮನೆಯವರಿಗೆ ಬೇಜಾರಾಗುತ್ತದೆ. "ಅಮ್ಮ, ಆಕ್ಸಿಜನ್ ಹತ್ತಿರ ಬೆಂಕಿ ಬೇಗ ಹತ್ತಿಕೊಳ್ಳುತ್ತೆ, ಆರತಿ ದೇವರ ಮನೆಯಲ್ಲೇ ಮಾಡಿ, ಇಲ್ಲಿಗೆ ಕುಂಕುಮ ತನ್ನಿ ಸಾಕು" ಅಂದರೆ ಒಪ್ಪುತ್ತಾರೆ. ತಾತ ಗುಟ್ಟಾಗಿ ಬೀಡಿ ಸೇದುವವರಾದರೆ ದಿಂಬಿನ ಕೆಳಗೂ ನೋಡಿ. ಬೆರಳಿಗೆ ಮೆಹಂದಿ, ನೇಲ್ ಪಾಲಿಶ್ ಇದ್ದರೆ ಅಥವಾ ಕೈ ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಬೇರೆ ಬೆರಳಿಗೆ ಹಾಕಿ ನೋಡಿ, ಪೇಶೆಂಟ್ ಮುಖವನ್ನೂ ನೋಡಿ.

ಮಲಗೇ ಇದ್ದು ಆಗುವ ಹುಣ್ಣು, ಅಂದರೆ ಬೆಡ್ ಸೋರ್ ಬಗ್ಗೆ ಒಂದೇ ಮಾತು: ಗಾಳಿ ಹಾಸಿಗೆ ಇದ್ದರೂ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಸ್ನಾನ ಮಾಡಿಸುವಾಗ ಸೊಂಟದ ಹಿಂದೆ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಗಿರುವ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಅದು ಬೆಳ್ಳಗಾಗದೆ ಕೆಂಪಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ. ಕಪ್ಪಗಿರುವವರಲ್ಲಿ ಕೆಂಪು ಕಾಣುವುದಿಲ್ಲ, ಬಿಸಿ ಇದೆಯಾ ಗಟ್ಟಿಯಾಗಿದೆಯಾ ಮುಟ್ಟಿ ನೋಡಿ. ಅಲ್ಲಿ ಉಜ್ಜಬೇಡಿ, ಅರಿಶಿನ ಹಚ್ಚಲು ಬಿಡಬೇಡಿ, ಭಾರ ಬೀಳದ ಹಾಗೆ ಮಲಗಿಸಿ ನರ್ಸ್‌ಗೆ ತಿಳಿಸಿ.

ಕಾಯದೆ ಫೋನ್ ಮಾಡಬೇಕಾದದ್ದು

ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈಯಲ್ಲಿ ಶಕ್ತಿ ಹೋದರೆ, ಮಾತು ತೊದಲಿದರೆ ಸ್ಟ್ರೋಕ್ ಇರಬಹುದು, 108. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ. ಶುಗರ್ 70ಕ್ಕಿಂತ ಕೆಳಗೆ ಹೋಗಿ, ಎಚ್ಚರ ಇದ್ದು, ನುಂಗಲು ಬರುವವರಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಫೋನ್ ಮಾಡಿ. ಮನೆಯವರು "ಬೆಳಿಗ್ಗೆ ತನಕ ನೋಡೋಣ" ಅಂದರೆ, ಡಾಕ್ಟರ್‌ಗೆ ನೀವೇ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ.

ನೀವು ಕೂಡ ಒಬ್ಬ ಮನುಷ್ಯರು

ನರ್ಸ್ ಬಿಟ್ಟುಹೋದ ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಡೈಪರ್ ಪೇಪರ್‌ನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡಿ, ಸೂಜಿಗಳನ್ನು ಮಾತ್ರ ಗಟ್ಟಿ ಡಬ್ಬಿಯಲ್ಲಿ ಹಾಕಿ ನರ್ಸ್ ಕೈಗೇ ಕೊಟ್ಟುಬಿಡಿ.

ಪೇಶೆಂಟ್ ತಟ್ಟೆ, ಬಟ್ಟೆ ತೊಳೆಯುವ ಕೆಲಸ ನಮ್ಮದು. ಮನೆಮಂದಿಯ ಪಾತ್ರೆ ನಮ್ಮದಲ್ಲ. ಒಂದು ದಿನ ಸಹಾಯ ಮಾಡಿದರೆ ಎರಡನೇ ದಿನ ಅದೇ ಡ್ಯೂಟಿ ಆಗುತ್ತದೆ. ಒಡವೆ, ದುಡ್ಡು ಇರುವ ಬೀರು ಕೀಲಿ ಕೊಟ್ಟರೂ ಇಸ್ಕೊಳ್ಳಬೇಡಿ. ಪೇಶೆಂಟ್ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಆ ಮನೆಯಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ, 2013ರ ಲೈಂಗಿಕ ಕಿರುಕುಳ ತಡೆ ಕಾನೂನಿನಲ್ಲಿ ಮನೆಯೂ ಕೆಲಸದ ಜಾಗವೇ, ದೂರು ಕೊಡಬಹುದು. ಆ ಹೊತ್ತಿಗೆ ಬೇಕಾದದ್ದು ತುರ್ತು ಸಹಾಯದ ನಂಬರ್ 112.

ಕೇಸ್ ಮುಗಿಯುವುದು ಎರಡು ಥರ, ಎದ್ದು ಓಡಾಡುತ್ತಾರೆ ಇಲ್ಲ ಹೋಗಿಬಿಡುತ್ತಾರೆ. ಯಾವ ಥರ ಆದರೂ ಪುಸ್ತಕವನ್ನು ಮನೆಯವರಿಗೇ ಕೊಟ್ಟು ಬನ್ನಿ, ಅದು ಅವರದ್ದು. ನಾಳೆಯೇ ಇನ್ನೊಂದು ಕೇಸ್ ಇದೆ ಅಂತ ಏಜೆನ್ಸಿಯಿಂದ ಸಂಜೆಯೇ ಫೋನ್ ಬರುತ್ತದೆ. ಎರಡು ದಿನ ರಜೆ ಬೇಕು ಅನ್ನಿ. ಊರಿಗೆ ಹೋಗಿ ಬನ್ನಿ, ಇಲ್ಲವಾದರೆ ರೂಮಲ್ಲೇ ಮಲಗಿ. ಎರಡು ಗಂಟೆಗೊಮ್ಮೆ ಎಚ್ಚರ ಆಗುವುದು ನಿಲ್ಲಲು ನನಗಂತೂ ಅಷ್ಟು ದಿನ ಬೇಕೇ ಬೇಕು.